ತೊಳೆಯದ ಲಾರಿ

ನಮ್ಮ ಮನೆಯವರು ದೇಶದ ಫುಟ್‌ಬಾಲ್ ತಂಡದಾಗ ಆಡ್ಲಿಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೀನಿ, ಯಾಕಂದ್ರ ಸಂಡೂರಿನ ಕಡೆ ಇನ್ನೂ ಕೆಲವು ಮಂದಿ “ನಿಮ್ಮ ಯಜಮಾನ್ರು ಇಂಡಿಯಾಕ್ಕ ಆಡಿದ್ರಲ್ರೀ” ಅಂತ ಕೇಳ್ತಾರ. ಆಡಿಲ್ಲಪ್ಪ. ಕ್ಯಾಂಪಿಗೆ ಹೋಗಿದ್ರು, ಆಯ್ಕೆ ಆಗ್ಲಿಲ್ಲ, ವಾಪಸ್ ಬಂದ್ರು. ಅಷ್ಟ ಕಥಿ. ಆದ್ರ ಆ ವಾಪಸ್ ಬಂದದ್ದು ಐತಲ್ಲ, ಅದನ್ನ ನೆನಸಿಕೊಂಡ್ರ ಈಗಲೂ ನನ್ನ ಎದಿ ಮ್ಯಾಲಿನ ಕಲ್ಲು ಇಳಿದಂಗ ಆಗ್ತೈತಿ.

ನಾನು ಕಂಪ್ಲಿ ಕಡೆಯಾಕಿ. ಡ್ಯಾಮಿನ ನೀರು ಕಾಲುವಿಗೆ ಬಂದ ಮ್ಯಾಲೆ ನಮ್ಮಪ್ಪನ ಹೊಲ ಗದ್ದಿ ಆತು. ಜ್ವಾಳ ಹೋಗಿ ಭತ್ತ ಬಂತು, ಕಬ್ಬು ಬಂತು, ಮನಿಗೆ ಮಂಗಳೂರು ಹೆಂಚು ಬಂತು. ತಿಳುವಳಿಕಿ ಬಂದಾಗಿಂದ ಕಾಲಿಗೆ ಹಸಿ ಮಣ್ಣು ಮೆತ್ತಿಕೊಂಡು ಬೆಳೆದಾಕಿ, ಲಗ್ನ ಆಗಿ ಸಂಡೂರು ಗುಡ್ಡದ ಮೈನ್ಸ್ ಕಾಲೊನಿಗೆ ಬಂದೆ. ಅಲ್ಲಿ ನೆಲ ಕೆಂಪು, ಗಾಳಿ ಕೆಂಪು, ಮುಂಜಾನೆ ಒಣಗಾಕಿದ ಬಿಳಿ ಧೋತರ ಸಂಜೀಕ ಕೆಂಪು. ಬಂದ ಹೊಸದರಾಗ ನಾನು ಅತ್ತಿ ಮುಂದ, “ಈ ಊರಾಗ ಹಾಲು ಸೈತ ಬೆಳ್ಳಗ ಇರಂಗಿಲ್ಲ ಬಿಡ್ರಿ” ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ಬಾಯಿ ಐತಿ ನಿನಗ, ಇಲ್ಲಿ ಬದುಕ್ತಿ” ಅಂದ್ರು. ನನ್ನ ಸಿಟ್ಟು ಮೂಗಿನ ತುದೀಗೆ ಇರೋದು. ಅದನ್ನ ನಾನು ಯಾರ ಹತ್ರಾನೂ ಮುಚ್ಚಿಟ್ಟಿಲ್ಲ.

ಮನೆಯವರು ಮೈನ್ಸ್ ವರ್ಕ್‌ಶಾಪಿನಾಗ ಫಿಟರ್. ಸಂಜಿ ಸೈರನ್ ಆದ ಮ್ಯಾಲೆ ಗೋಲ್‌ಕೀಪರ್. ಕಾಲೊನಿ ಮೈದಾನ ಅಂದ್ರ ಅದಿರಿನ ಪುಡಿ ಹಾಸಿ, ಅದರ ಮ್ಯಾಲೆ ಲಾರಿ ಓಡಿಸಿ ಗಟ್ಟಿ ಮಾಡಿದ ಜಾಗ. ಒಂದು ಎಸಳು ಹುಲ್ಲಿಲ್ಲ. ಅಲ್ಲಿ ಚೆಂಡು ಬಿತ್ತಂದ್ರ ಪುಟಿದು ಎದಿಮಟ ಬರ್ತಿತ್ತು. ಬಿದ್ದು ಚೆಂಡು ಹಿಡಿಯೋದನ್ನ ನಮ್ಮ ಕಡೆ ಯಾರೂ ಕಲೀತಿರ್ಲಿಲ್ಲ, ಯಾಕಂದ್ರ ಬಿದ್ದವರು ಮೊಣಕೈ ಚರ್ಮ ನೆಲಕ್ಕ ಕೊಟ್ಟು ಏಳಬೇಕಿತ್ತು. ನಿಂತು ಆಡೋದ ಪದ್ಧತಿ. ಇವರು ಆರಾಮ ಒಂದು ಹೆಜ್ಜಿ ಮುಂದ ಬಂದು, ಸಂತ್ಯಾಗ ಕುಂಬಳಕಾಯಿ ಎತ್ತಿಕೊಂಡಂಗ ಚೆಂಡನ್ನ ಎದಿಗೆ ಅವಚಿಕೊಳ್ತಿದ್ರು. ಅದನ್ನ ನೋಡಾಕಂತ ಪಾಪಿನಾಯಕನಹಳ್ಳಿಯಿಂದ ಮಂದಿ ಸೈಕಲ್ ತುಳ್ಕೊಂಡು ಬರೋರು. ನನಗ ಆಟ ತಿಳೀತಿರ್ಲಿಲ್ಲ, ಆದ್ರ ಇವರು ಚೆಂಡು ಹಿಡಿದಾಗ ಮಂದಿ ಉಸಿರು ಬಿಡೋದು ಕೇಳಿಸ್ತಿತ್ತು, ಅದು ಭಾಳ ಸೇರ್ತಿತ್ತು.

ಬ್ಯಾರೆ ಮನ್ಯಾಗ ಗಂಡಸರು ವಂಶದ ಹಿರಿಯರ ಸುದ್ದಿ ಹೇಳ್ತಾರ. ಇವರು ದೇಶದ ತಂಡದ್ದು ಹೇಳೋರು. ಒಲಿಂಪಿಕ್ಸಿನಾಗ ನಾಲ್ಕನೇ ಜಾಗ, ಏಷ್ಯಾದ ಕೂಟದಾಗ ಎರಡು ಸಲ ಬಂಗಾರ, ಆಮ್ಯಾಲೆ ಎಲ್ಲೆಲ್ಲಿ ಸೋತ್ರು, ಯಾಕ ಸೋತ್ರು, ಯಾರನ್ನ ತಗೋಬೇಕಿತ್ತು, ಯಾರನ್ನ ಬಿಡಬೇಕಿತ್ತು. ಗೆದ್ದದ್ದು ಎರಡು ಮಾತಿನಾಗ ಮುಗೀತಿತ್ತು, ಸೋತದ್ದು ಮುಗೀತಾನ ಇರ್ಲಿಲ್ಲ. ಊಟಕ್ಕ ಕುಂತಾಗ “ಆರಿಸೋರು ಊರು ನೋಡಿ ಆರಿಸ್ತಾರ, ಆಟ ನೋಡಿ ಅಲ್ಲ” ಅಂತ ಸುರು ಮಾಡಿದ್ರ ರೊಟ್ಟಿ ಆರಿ ಹಪ್ಪಳ ಆಗೋದು. “ಆರಿಸೋರು ಬರೋ ಮಟ ರೊಟ್ಟಿ ಕಾಯಂಗಿಲ್ಲ, ತಿನ್ರಿ” ಅಂತಿದ್ದೆ ನಾನು.

ಇಷ್ಟು ಮಾತಾಡೋ ಮನುಷ್ಯ ತಾನು ಗೋಲು ಬಿಟ್ಟ ದಿನ ಮಾತ್ರ ಬಾಯಿ ಹೊಲಕೊಂಡುಬಿಡ್ತಿದ್ರು. ಯಾರ ಮುಖಾನೂ ನೋಡ್ದ ಗುಡ್ಡ ಹತ್ತಿಬಿಡೋರು. ಒಂದ್ಸಲ ಹೊಸಪೇಟಿಯಾಗ ರೈಲ್ವೆಯವರ ಮ್ಯಾಲೆ ಸೋತು ಬಂದು ಹಂಗ ಹೋದವರು ಮರುದಿನ ಮಧ್ಯಾಹ್ನ ಅದಿರಿನ ಗುಪ್ಪಿ ಹಿಂದ ಸಿಕ್ಕಿದ್ರು. ನನಗ ಸಿಟ್ಟು ಬಂತು, ಆದ್ರ ಅತ್ತಿ ಮುಖ ನೋಡಿ ಬೈಯೋದನ್ನ ಬಿಟ್ಟೆ. ನಮ್ಮ ಮಾವನವರು ಹಂಗ ಹೋದವರಂತ. ಕೆಲಸದ ಜಾಗದಾಗ ಮೇಸ್ತ್ರಿ ಎಲ್ಲರ ಮುಂದ ಏನೋ ಅಂದನಂತ. ಮನಿಗೆ ಬಂದು ಒಂದು ತಂಬಿಗಿ ನೀರು ಕುಡಿದು, ಏನೂ ಹೇಳ್ದ ಹೊರಗ ಹೋದವರು ಮತ್ತ ಬರ್ಲಿಲ್ಲ. ಅದಿರ್ಲಿ, ಹೆಣಾನೂ ಸಿಗ್ಲಿಲ್ಲ. ಅತ್ತಿ ಹಣಿಗೆ ಕುಂಕುಮ ಇಡಬೇಕೋ ಬ್ಯಾಡೋ ಅನ್ನೋದು ಊರಿಗೂ ಗೊತ್ತಾಗ್ಲಿಲ್ಲ. ಅವರು ಇಟ್ಕೊಂಡ ಇದ್ರು.

ಆ ವರ್ಷ ಬೇಸಿಗ್ಯಾಗ ಇವರು ಜಿಲ್ಲಾ ತಂಡದ ಕೂಡ ಬೆಂಗಳೂರಿಗೆ ಆಡಾಕ ಹೋಗಿದ್ರು. ಅಲ್ಲೂ ನೆಲ ಒಣಗಿ ಕಟಕಟ ಅಂತಿತ್ತಂತ, ಒಂದು ಗೋಲೂ ಬಿಡ್ಲಿಲ್ಲಂತ. ದೊಡ್ಡವರು ಯಾರೋ ನೋಡಿದ್ರು. ಮಳಿಗಾಲ ಸುರುವಾಗೋ ಹೊತ್ತಿಗೆ ಮೈನ್ಸ್ ಆಫೀಸಿಗೆ ತಂತಿ ಬಂತು: ಪರದೇಶದಾಗ ನಡೆಯೋ ಪಂದ್ಯಾವಳಿಗೆ ದೇಶದ ತಂಡ ಕಟ್ಟಾಕತ್ತ್ಯಾರ, ಕಲ್ಕತ್ತಾದ ತರಬೇತಿ ಕ್ಯಾಂಪಿಗೆ ಬರಬೇಕು. ಕ್ಯಾಂಪಿಗೆ ಭಾಳ ಮಂದೀನ ಕರೀತಾರ, ಆಡಿಸಿ ನೋಡ್ತಾರ, ಅರ್ಧ ಮಂದೀನ ಮನಿಗೆ ಕಳಿಸ್ತಾರ. ಇದು ತಂತಿಯಾಗ ಇರ್ಲಿಲ್ಲ, ಇವರು ಹೇಳಿದ್ರು. ಕೇಳೋರು ಯಾರು? ಟೈಮ್‌ಕೀಪರ್ ತಂತಿ ಹಿಡ್ಕೊಂಡು ಅದಿರು ಲೋಡಿಂಗ್ ಜಾಗಕ್ಕ ಓಡಿ “ನಮ್ಮವ ಇಂಡಿಯಾ ಟೀಮಿಗೆ ಸೆಲೆಕ್ಟ್ ಆದ” ಅಂತ ಕೂಗಿದ. ಆಮ್ಯಾಲೆ ಅದು ಕಾಲೊನಿ ಮಾತು ಆತು, ಸಂಜಿಗೆ ಸಂಡೂರು ಪ್ಯಾಟಿ ಮಾತು ಆತು. “ಇನ್ನೂ ಆಗಿಲ್ರಿ, ಕ್ಯಾಂಪಷ್ಟ” ಅಂತ ಇವರು ಅಂದ್ರ, “ಎಷ್ಟು ಸಣ್ಣಗ ಮಾತಾಡ್ತಾನ ನೋಡು, ದೊಡ್ಡ ಮನುಷ್ಯ” ಅಂತ ಇನ್ನೊಂದು ಹಾರ ಹಾಕೋರು.

ಮೆರವಣಿಗಿ ಮಾಡ್ಬೇಕು ಅಂತ ಆತು. ನಮ್ಮ ಊರಾಗ ಮೆರವಣಿಗಿಗೆ ಏನೈತಿ, ಅದಿರು ಲಾರಿ. ಅದನ್ನ ಯಾರೂ ತೊಳೆಯಂಗಿಲ್ಲ, ತೊಳೆದ್ರ ಮೊದಲನೇ ತಿರುವಿನಾಗ ಮತ್ತ ಕೆಂಪಾಗ್ತೈತಿ. ಆದ್ರ ಪಾಪಿನಾಯಕನಹಳ್ಳಿಯ ಹಿರಿ ಡ್ರೈವರ್ ತನ್ನ ಲಾರೀನ ಕೆರಿಗೆ ಇಳಿಸಿ, ಇಡೀ ದಿನ ತಿಕ್ಕಿದ. ಅದರ ಮೈ ಹಸಿರು ಅನ್ನೋದು ಅವತ್ತ ನಮಗ ಗೊತ್ತಾತು. ನಮ್ಮಣ್ಣ ಕಂಪ್ಲಿಯಿಂದ ಕಬ್ಬು ತಂದು ಎರಡೂ ಕಡೆ ಕಟ್ಟಿದ. ಹೊಸಪೇಟಿ ಬ್ಯಾಂಡ್ ಬಂತು. ಇವರನ್ನ ಮ್ಯಾಲೆ ನಿಲ್ಲಿಸಿ ಹೊಸಪೇಟಿ ಸ್ಟೇಶನ್ ಮಟ ಹೋತು ಲಾರಿ, ಹಾದ್ಯಾಗೆಲ್ಲ ಮಂದಿ. ಇವರ ಮುಖ ನೋಡಿದೆ. ಗೋಲು ಬಿಟ್ಟ ದಿನದ ಮುಖ ಇತ್ತು.

ನಾನು ಆಗ ತುಂಬಿದ ಬಸುರಿ. ಕುಬಸ ಆದ ಮ್ಯಾಲೆ ಹೆರಿಗಿಗೆ ತವರಿಗೆ ಹೋಗೋದು ಪದ್ಧತಿ. “ನೀ ಕಂಪ್ಲಿಗೆ ಹೋಗಿರು, ನಾ ಹಂಗ ಅಲ್ಲಿಗೆ ಬರ್ತೀನಿ” ಅಂತ ರೈಲು ಹತ್ತೋವಾಗ ಹೇಳಿದ್ರು. ಹೂಂ ಅಂದೆ. ಆದ್ರ ಹೋಗ್ಲಿಲ್ಲ. ಅತ್ತೀನ ಒಬ್ಬಾಕಿನ್ನ ಬಿಟ್ಟು ಹೋಗಾಕ ಮನಸ್ಸಾಗ್ಲಿಲ್ಲ. ಕಾಲೊನಿ ಹೆಂಗಸರು ಮಾತ್ರ ದಿನಾ ಬಂದು, ವಿಮಾನ ಹತ್ತೋವಾಗ ಇವರಿಗೆ ಯಾವ ಕೋಟು, ಬರೋವಾಗ ನನಗ ಯಾವ ಸೀರಿ ತರ್ತಾರ ಅಂತ ಕೇಳೋರು. ಅತ್ತಿ ಅವರಿಗೆಲ್ಲ ಚಾ ಕೊಟ್ಟು ಕಳಿಸಿ, ಬಾಗಿಲು ಮುಂದ ಮಾಡಿ ಅಂದ್ರು, “ಕೂಸು ಹುಟ್ಟೋ ಮೊದಲ ಕುಲಾವಿ ಹೊಲಿಸಿದ್ರು ಇವರೆಲ್ಲ. ನನಗ ಇದು ಬರೋಬರಿ ಕಾಣ್ವಲ್ದು.”

ಆಯ್ಕೆ ಆದವರ ಹೆಸರು ಇಂಗ್ಲಿಷ್ ಪೇಪರಿನಾಗ ಬಂತು. ಪೇಪರ್ ನಮ್ಮ ಗುಡ್ಡಕ್ಕ ಮಧ್ಯಾಹ್ನದ ಬಸ್ಸಿಗೆ ಬರೋದು. ಟೈಮ್‌ಕೀಪರ್ ಕ್ಯಾಂಟೀನಿನಾಗ ನಿಂತು ಓದಿದ. ಮತ್ತ ಓದಿದ. ಇವರ ಹೆಸರು ಇರ್ಲಿಲ್ಲ. ಒಬ್ಬ ಪ್ರಿಂಟಿಂಗ್ ತಪ್ಪು ಅಂದನಂತ, ಇನ್ನೊಬ್ಬ ಕಲ್ಕತ್ತಾದವರು ಮೋಸ ಮಾಡ್ಯಾರ ಅಂದನಂತ. ನಮ್ಮ ಮನಿಗೆ ಯಾರೂ ಬರ್ಲಿಲ್ಲ. ದಿನಾ ಚಾ ಕುಡಿಯಾಕ ಬರ್ತಿದ್ದ ಹೆಂಗಸರು ನಳದ ಹತ್ರ ನನ್ನ ಕಂಡು ಕೊಡಪಾನ ತಿಕ್ಕಾಕ ಹತ್ತಿದ್ರು, ತಿಕ್ಕಿದ್ದನ್ನ ತಿಕ್ಕಿದ್ರು. “ಏನಾತವ್ವ ಈಗ, ಸತ್ತಾರೇನು ಯಾರಾದ್ರೂ?” ಅಂದೆ. ಅಂದ ಮ್ಯಾಲೆ ನನ್ನ ಮಾತಿಗೆ ನಾನ ಹೆದರಿದೆ.

ಯಾಕಂದ್ರ ಇವರು ಬರ್ಲಿಲ್ಲ. ಮದ್ರಾಸ್ ಮ್ಯಾಲೆ ಬಂದು ಗುಂತಕಲ್ಲಿನಾಗ ಗಾಡಿ ಬದಲಿಸಿ ಬರೋದಕ್ಕ ಎಷ್ಟು ದಿನ ಬೇಕೋ ಅಷ್ಟು ದಿನ ಆದ್ವು. ಅದರ ಮ್ಯಾಲೂ ಆತು. ಒಂದು ಮುಂಜಾನೆ ಅದ ಹಿರಿ ಡ್ರೈವರ್ ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟು ನಿಂತು, ಹೇಳಲೋ ಬ್ಯಾಡೋ ಅಂತ ಟವಲ್ ಹಿಂಡಿದ. ನಿನ್ನೆ ಹೊಸಪೇಟಿ ಆಚೆ, ಕಾಲುವಿ ದಂಡಿ ಮ್ಯಾಲೆ ಒಬ್ಬರು ಟ್ರಂಕು ಹೆಗಲ ಮ್ಯಾಲೆ ಇಟ್ಕೊಂಡು ತಲಿ ಕೆಳಗ ಹಾಕಿ ಹೋಗಾಕತ್ತಿದ್ರು, ನಡಿಗಿ ನೋಡಿದ್ರ ನಮ್ಮವರ ಅನ್ನಿಸ್ತು, ಲಾರಿ ನಿಲ್ಲಿಸಿ ಕೂಗಿದೆ, ತಿರುಗಲಿಲ್ಲ ಅಂದ. ಅತ್ತಿ ಹೊಸ್ತಿಲ ಮ್ಯಾಲೆ ಕುಂತುಬಿಟ್ರು. ನಮ್ಮ ಕಡೆ ಕಾಲುವಿ ಅನ್ನ ಹಾಕೇತಿ, ಸುಳ್ಳಲ್ಲ. ಆದ್ರ ತಲಿ ಕೆಳಗ ಹಾಕಿ ಕಾಲುವಿ ದಂಡಿ ಹಿಡಿದವರ ಸುದ್ದಿ ಮುಂದ ಏನಾಗ್ತಿತ್ತು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಕಾಲೊನಿ ಗಂಡಸರು ಅದ ಲಾರಿಯಾಗ ಡ್ಯಾಮಿನ ಕಡೆ ಹುಡುಕಾಕ ಹೊಂಟ್ರು. ಸಂಜೀಕ ಎಲ್ಲರೂ ಹೊಸಪೇಟಿ ಬಸ್ ಸ್ಟ್ಯಾಂಡಿನಾಗ ಕೂಡೋದು ಅಂತ ಮಾತಾತು. ನಾನು ಅತ್ತೀನ ಕರ್ಕೊಂಡು ಕಂಪ್ಲಿ ಬಸ್ ಹತ್ತಿದೆ. ನಮ್ಮಣ್ಣಗ ಕಾಲುವಿಯ ತೂಬು, ಸೇತುವಿ ಎಲ್ಲಾ ಗೊತ್ತು. ಅವನ್ನ ಕರ್ಕೊಂಡು ಹುಡುಕಿಸ್ಬೇಕು ಅಂತ. ಹುಡುಕಿಸೋದು ಅಂದ್ರ ಏನನ್ನ ಅನ್ನೋದು ನಾವಿಬ್ಬರೂ ಬಾಯಿ ಬಿಟ್ಟು ಆಡ್ಲಿಲ್ಲ.

ಬಸ್ಸು ಕಮಲಾಪುರ ದಾಟಿ ಕಾಲುವಿ ಪಕ್ಕಕ್ಕ ಬಂತು. ಆ ವರ್ಷ ಡ್ಯಾಮು ತುಂಬಿತ್ತು, ಕಾಲುವಿ ದಂಡಿ ಮಟ ನೀರು. ಕಿಟಕಿಯಿಂದ ನಾನು ಒಂದ ಸಮ ನೀರು ನೋಡ್ಕೊಂಡು ಬಂದೆ. ಎರಡೂ ಕಡೆ ಗದ್ದಿಯಾಗ ಹೆಂಗಸರು ನಾಟಿ ಹಾಕ್ಕೊಂತ ಹಾಡ್ತಿದ್ರು, ಅವರ ಮ್ಯಾಲೆ ಸುಮ್ಮಸುಮ್ಮನ ಸಿಟ್ಟು ಬಂತು. ಒಂದು ಕಡೆ ನೀರಾಗ ಬಿಳೇದೇನೋ ತೇಲಿಕೊಂಡು ಬಂತು. ಅತ್ತಿ ನನ್ನ ಕೈ ಹಿಡಿದ್ರು, ಬಳಿ ಒಡೆಯೋ ಹಂಗ ಹಿಡಿದ್ರು. ಗೊಬ್ಬರದ ಖಾಲಿ ಚೀಲ. ನನ್ನ ಗಂಡ ಆಡೋದು ಬ್ಯಾಡ, ಗೆಲ್ಲೋದು ಬ್ಯಾಡ, ಪೇಪರಿನಾಗ ಹೆಸರು ಬ್ಯಾಡ, ಮನಿಗೆ ಬಂದು ರೊಟ್ಟಿ ಆರಿಸಿದ್ರ ಸಾಕು ಅಂತ ಹಂಪಿ ದೇವರಿಗೆ ಬೇಡಿಕೊಂಡೆ.

ತವರು ಮನಿ ಅಂಗಳಕ್ಕ ಕಾಲಿಟ್ರ ನಮ್ಮವ್ವ ಕಲ್ಲಿನ ಮ್ಯಾಲೆ ಬಟ್ಟಿ ಒಗೀತಿದ್ಲು. ನೀಲಿ ಬನೀನು, ಎದಿ ತುಂಬ ಇಂಗ್ಲಿಷ್ ಅಕ್ಷರ, ಅದರ ತುಂಬ ಕೆಸರು. ನನ್ನ ಕಂಡವಳ ಸುರು ಮಾಡಿದ್ಲು. “ಬಂದ್ಯಾ? ನೋಡವ್ವ ನಿನ್ನ ಗಂಡನ ಕೆಲಸ. ನಿನ್ನೆ ಬಂದಾಗಿಂದ ಎಮ್ಮಿ ಹಂಗ ಕೆಸರಾಗ ಬಿದ್ದಾನ. ಕಲ್ಕತ್ತಾದಾಗ ಇದನ್ನ ಕಲಿಸಿದ್ರೇನು? ನಿನ್ನ ಕರಿಯಾಕ ನಿಮ್ಮಣ್ಣ ಇವತ್ತ ಹೊಂಟಿದ್ದ, ಅವನ್ನೂ ಆಟಕ್ಕ ಎಳ್ಕೊಂಡು ಹೋಗ್ಯಾನ.” ಹೋದ ಜೀವ ಬಂದಂಗಾತು ಅಂತಾರಲ್ಲ, ಅದು ಮಾತಿಗೆ ಹೇಳೋದಲ್ಲ, ಖರೇನ ಹಂಗ ಆಗ್ತೈತಿ. ಬಾವಿ ಕಟ್ಟಿ ಹಿಡ್ಕೊಂಡು ನಿಂತೆ. ತಿರುಗಿ ನೋಡಿದ್ರ ಅತ್ತಿ ಇಲ್ಲ, ಆಗಲೇ ಗದ್ದಿ ಬದುವಿನ ಮ್ಯಾಲೆ ಹೊಂಟಿದ್ರು.

ನಾಟಿಗೆ ಹದ ಮಾಡಿ ಬಿಟ್ಟಿದ್ದ ಗದ್ದಿ, ಪಾದ ಮುಳುಗೋ ನೀರು. ಆ ತುದಿಗೆ ನಮ್ಮಣ್ಣ, ಹುಟ್ಟಿದಾಗಿಂದ ಚೆಂಡು ಮುಟ್ಟದವ, ಪಂಚಿ ಮ್ಯಾಲೆ ಕಟ್ಟಿ ನೆಲಕ್ಕ ತಾಗೋ ಹಂಗ ಚೆಂಡು ಒಗೀತಿದ್ದ. ಅದು ಪುಟೀತಾ ಇರ್ಲಿಲ್ಲ, ನೀರಿನ ಮ್ಯಾಲೆ ಜಾರಿಕೊಂಡು ಬರ್ತಿತ್ತು. ಈ ತುದಿಗೆ ಇವರು ಪಕ್ಕಕ್ಕ ಬಿದ್ದು, ಕೆಸರಾಗ ಉದ್ದಕ ಮಲಗಿ ಹಿಡೀತಿದ್ರು. ಬಿದ್ದಲ್ಲೇ ನಗ್ತಿದ್ರು. ಅತ್ತಿ ಸೀರಿ ಎತ್ತದ, ಹಂಗ ಕೆಸರಿಗೆ ಇಳಿದ್ರು. ಇವರು ಎದ್ದು “ಅವ್ವ” ಅನ್ನೋದರಾಗ ಕಪಾಳಕ್ಕ ಒಂದು ಬಿಟ್ರು. ಆಮ್ಯಾಲೆ ಆ ಕೆಸರು ಮೈಯನ್ನ ಅಪ್ಪಿಕೊಂಡು ಅಳಾಕ ಹತ್ತಿದ್ರು. ಅವರು ಅತ್ತದ್ದನ್ನ ನಾನು ಅದ ಮೊದಲು ನೋಡಿದ್ದು.

ನಾನೇನು ಅಳ್ಲಿಲ್ಲ. ಬದುವಿನ ಮ್ಯಾಲೆ ನಿಂತು ಬೈದೆ. ಬಸುರಿ ಹೆಂಗಸರನ್ನ ಕಾಲುವಿ ನೀರು ಕಾಯಾಕ ಹಚ್ಚಿದವರು ನೀವು, ಒಂದು ಮಾತು ಹೇಳಿಕಳಿಸಾಕ ನಿಮಗ ಏನು ಧಾಡಿ ಆಗಿತ್ತು ಅಂತ. ಇವರು ಕಣ್ಣು ಬಿಟ್ಟು ನಿಂತ್ರು. “ನೀ ಇಲ್ಲೇ ಇರ್ತಿ ಅಂತ ಅಲ್ಲೇನ ನಾ ಸೀದಾ ಇಲ್ಲಿಗೆ ಬಂದದ್ದು? ಬಸ್ಸು ತಪ್ಪಿತ್ತು, ದಂಡಿ ಹಿಡಿದು ನಡೆದೆ. ಬಂದು ನೋಡಿದ್ರ ನೀ ಇಲ್ಲ.” ರೈಲು ಹತ್ತೋವಾಗ ಹೇಳಿದ್ದ ಆ ಮಾತು ಹೆದರಿಕ್ಯಾಗ ನನಗ ಮರ್ತ ಹೋಗಿತ್ತು. ಇವರು ಕೆಸರು ಒರಸ್ಕೊಂತ ಅಂದ್ರು, “ಡ್ರೈವರ್ ಕೂಗಿದ್ದು ಕೇಳಿಸ್ತು. ತಿರುಗಲಿಲ್ಲ. ನನ್ನ ಸಲುವಾಗಿ ಲಾರಿ ತೊಳೆದ ಮನುಷ್ಯ ಅಂವ. ಅವನ ಮುಂದ ಏನಂತ ನಿಂದರಲಿ?”

ಉಣ್ಣಾಕ ಕುಂತಾಗ ಕಲ್ಕತ್ತಾದ ಸುದ್ದಿ ಹೇಳಿದ್ರು. ಅಲ್ಲಿ ಮಳಿ ಬಿಟ್ಟೂ ಬಿಡದಂಗ ಸುರೀತಿತ್ತಂತ. ಹುಲ್ಲಂದ್ರ ಹುಲ್ಲು, ಅದರ ಕೆಳಗ ನೀರು. ದೂರದಿಂದ ಚೆಂಡು ಬಂತು, ಇವರು ಊರಾಗಿನಂಗ ಒಂದು ಹೆಜ್ಜಿ ಮುಂದ ಬಂದು ಎದಿ ಕೊಟ್ಟು ಕೈ ಚಾಚಿ ನಿಂತ್ರು. ಚೆಂಡು ಏಳ್ಲೇ ಇಲ್ಲ. ಹುಲ್ಲಿನ ಮ್ಯಾಲೆ ಜಾರಿ ಕಾಲ ನಡುವಿಂದ ಹೋತು. ಮತ್ತೊಂದು ಬಂತು, ಅದೂ ಹಂಗ. ಬೀಳು, ಬೀಳು ಅಂತ ಕೋಚ್ ಕೂಗ್ತಿದ್ರ ಇವರ ಮೈಗೆ ಬೀಳೋದು ಗೊತ್ತ ಇಲ್ಲ. “ಆರಿಸೋರದು ಏನೂ ತಪ್ಪಿಲ್ಲ” ಅಂದ್ರು. ಇಷ್ಟು ವರ್ಷ ಆರಿಸೋರನ್ನ ಬೈದು ರೊಟ್ಟಿ ಆರಿಸಿದ ಬಾಯಿ ಅದು. “ನಾನು ಆ ಜಾಗದಾಗ ಇದ್ರೂ ನನ್ನ ಬಿಡ್ತಿದ್ದೆ. ರೈಲಿನಾಗೆಲ್ಲ ಅದ ವಿಚಾರ. ಇಲ್ಲಿ ಗದ್ದಿ ಕಂಡ ಕೂಡ್ಲೆ ಹೊಳೀತು, ಬೀಳಾಕ ಇಂಥ ಜಾಗ ನಮ್ಮ ಗುಡ್ಡದಾಗ ಎಲ್ಲೈತಿ.” ನಮ್ಮಪ್ಪ ನಾಟಿ ತಡ ಆತು ಅಂತ ಗೊಣಗಿದ, ಆದ್ರ ಅಳಿಯನ ತಾಟಿಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿದ.

ಮಧ್ಯಾಹ್ನದ ಬಸ್ಸಿಗೆ ಹೊಸಪೇಟಿಗೆ ಹೊಂಟ್ವಿ. ಗಂಡಸರು ಇನ್ನೂ ನೀರಾಗ ಹುಡುಕ್ತಿರ್ತಾರ ಅನ್ನೋದು ನೆನಪಾಗಿತ್ತು. ಬಸ್ ಸ್ಟ್ಯಾಂಡಿನ ಆಚೆ ಲಾರಿ ನಿಂತಿತ್ತು, ಪಕ್ಕದಾಗ ನಮ್ಮ ಕಾಲೊನಿಯವರು, ಮೊಣಕಾಲ ಮಟ ಹಸಿಯಾದ ಧೋತರ. ಇವರು ಬಸ್ಸಿಂದ ಇಳಿದದ್ದನ್ನ ನೋಡಿದ್ರು. ಯಾರೂ ಓಡಿ ಬರ್ಲಿಲ್ಲ. ಟೈಮ್‌ಕೀಪರ್ ಕಣ್ಣು ಒರಸ್ಕೊಂಡು ಆ ಕಡೆ ತಿರುಗಿದ. ಇವರೂ ನಿಂತುಬಿಟ್ರು, ಟ್ರಂಕು ಹೆಗಲ ಮ್ಯಾಲೆ ಇತ್ತು. ಸೋತ ದಿನ ಗುಡ್ಡ ಹತ್ತೋವಾಗಿನ ಆ ನೋಟ ಒಂದು ಗಳಿಗಿ ಕಣ್ಣಾಗ ಬಂತು. ಅತ್ತಿಗೂ ಕಾಣಿಸ್ತು, ಮಗನ ಅಂಗಿ ತುದಿ ಹಿಡಿದ್ರು.

ಹಿರಿ ಡ್ರೈವರ್ ಮುಂದ ಬಂದ. ಕೈ ಹೆಂಗ ಇಡಬೇಕೋ ಗೊತ್ತಾಗ್ದ ಬಾನೆಟ್ ಮ್ಯಾಲೆ ಇಟ್ಟ, ಕೈ ತುಂಬ ಕೆಂಪು ಧೂಳು ಬಂತು. “ಲಾರಿ ತೊಳೆದಿಲ್ಲಪ್ಪ ಈ ಸಲ” ಅಂದ.

ಇವರು ಲಾರಿ ನೋಡಿದ್ರು. ಹಸಿರು ಎಲ್ಲೂ ಕಾಣ್ತಿರ್ಲಿಲ್ಲ. “ಛಲೋ ಆತು ಬಿಡು” ಅಂದ್ರು. “ಹೋದ ಸಲ ಮ್ಯಾಲೆ ನಿಂತು ಜಾರಿ ಬೀಳ್ತೀನೇನೋ ಅಂತ ಜೀವ ಕೈಯಾಗ ಹಿಡ್ಕೊಂಡಿದ್ದೆ.” ಟ್ರಂಕು ಮ್ಯಾಲೆ ಒಗೆದು, ಟೈರಿನ ಮ್ಯಾಲೆ ಕಾಲಿಟ್ಟು ತಾವೂ ಹತ್ತಿದ್ರು.

ನನ್ನನ್ನೂ ಅತ್ತೀನೂ ಕ್ಯಾಬಿನಿನಾಗ ಕುಂದ್ರಿಸಿದ್ರು. ಗಂಡಸರೆಲ್ಲ ಹಿಂದ. ಊರು ದಾಟಿದ ಮ್ಯಾಲೆ ಹಿಂದಿಂದ ಇವರ ದನಿ ಕೇಳಿಸ್ತು. “ದೂರದಿಂದ ಚೆಂಡು ಬಂತಾ, ನಾನು ನಮ್ಮ ಮೈದಾನದಾಗಿನಂಗ ಎದಿ ಕೊಟ್ಟು ನಿಂತ್ನಾ…” ಎದ್ದು ನಿಂತು ತೋರಿಸಿರಬೇಕು, ತಗಡಿನ ಮ್ಯಾಲೆ ಕಾಲು ಬಡಿದ ಸಪ್ಪಳ ಬಂತು. “ಕಾಲ ನಡುವಿಂದ ಹೋತಪಾ. ಬೆಕ್ಕು ಹೋದಂಗ ಹೋತು.” ಯಾರೋ ಒಬ್ಬ ತಡಕೊಳ್ಳಾಕ ಆಗ್ದ ನಕ್ಕ. ಇವರೂ ನಕ್ರು. ಆಮ್ಯಾಲೆ ಎಲ್ಲರೂ ನಕ್ರು, ಅದಿರಿನ ಲಾರಿ ತುಂಬ ನಗಿ. “ಮತ್ತೊಂದು ಸಲ ಹೇಳಲೇ” ಅಂತ ಟೈಮ್‌ಕೀಪರ್ ಕೂಗಿದ. ಇವರು ಮತ್ತ ಹೇಳಿದ್ರು. ಗೋಲು ಬಿಟ್ಟದ್ದನ್ನ ಈ ಮನುಷ್ಯ ಊರ ಮಂದಿ ಮುಂದ ಬಾಯಿ ತೆರೆದು ಹೇಳಿದ್ದನ್ನ ನಾನು ಅಲ್ಲಿ ಮಟ ಕೇಳಿರ್ಲಿಲ್ಲ.

ಅತ್ತಿ ಕಿಟಕಿ ಕಡೆ ಮುಖ ಮಾಡಿ ಕೇಳ್ತಾ ಇದ್ರು. ಸೀರಿ ಮ್ಯಾಲಿನ ಗದ್ದಿ ಕೆಸರು ಒಣಗಿ ಬಿಳೇದಾಗಿತ್ತು, ಅದರ ಮ್ಯಾಲೆ ಆಗಲೇ ಕೆಂಪು ಧೂಳು ಕೂಡಾಕ ಹತ್ತಿತ್ತು.

“ಇವರಪ್ಪ ಹಿಂಗ ಒಂದ್ಸಲ ಹೇಳಿದ್ರ ಸಾಕಾಗಿತ್ತು” ಅಂದ್ರು.

ಸಂಡೂರು ಗುಡ್ಡದ ಮೊದಲನೇ ತಿರುವು ಬರೋದರಾಗ ಅವರು ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ನಿದ್ದಿ ಮಾಡಿದ್ರು.